ಅಂಟು ಬಿಡುವಷ್ಟು ಹೊತ್ತು

ಮಾಘಮಾಸ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಲ್ಯಾಣಮಂಟಪಗಳಿಗೆ ಬಿಡುವಿರುವುದಿಲ್ಲ. ವೈಶಾಖ ಮುಗಿಯುವವರೆಗೂ ಒಂದರ ಬೆನ್ನಿಗೊಂದು ಮದುವೆ, ಸೀಮಂತ, ಗೃಹಪ್ರವೇಶ. ಈಚಿನ ವರ್ಷಗಳಲ್ಲಿ ಮದುಮಗಳ ಕೈಯಲ್ಲಿ ಹಸಿರು ಬಳೆ ಮತ್ತು ಮೆಹೆಂದಿಯ ಜೊತೆಗೆ ಉದ್ದನೆಯ, ಬಣ್ಣದ ಕೃತಕ ಉಗುರುಗಳೂ ಸೇರಿಕೊಂಡಿವೆ. ಅವಳ ಅಕ್ಕತಂಗಿಯರಿಗೂ ಗೆಳತಿಯರಿಗೂ ಅವು ಬೇಕು. ದುರ್ಗದಬೈಲಿನ ಅಂಗಡಿಗಳಲ್ಲಿ ಬಳೆ, ಟಿಕ್ಲಿ, ಪಿನ್ನುಗಳ ಪಕ್ಕದಲ್ಲೇ ಈ ಉಗುರಿನ ಪೆಟ್ಟಿಗೆಗಳು ಸಿಗುತ್ತವೆ. ಒಳಗೆ ಬಣ್ಣಬಣ್ಣದ ಪ್ಲಾಸ್ಟಿಕ್ ಉಗುರುಗಳು, ಜೊತೆಗೊಂದು ಪುಟ್ಟ ಅಂಟಿನ ಬಾಟಲಿ. ಹಚ್ಚಿಕೊಳ್ಳುವುದು ಹೇಗೆಂದು ಪೆಟ್ಟಿಗೆಯ ಹಿಂದೆ ಚಿತ್ರಸಹಿತ ಅಚ್ಚಾಗಿರುತ್ತದೆ. ತೆಗೆಯುವುದು ಹೇಗೆಂಬುದು ಒಂದೇ ಸಾಲಿನಲ್ಲಿ ಮುಗಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಮದುವೆ ಮುಗಿದ ಮೂರ್ನಾಲ್ಕು ದಿನಕ್ಕೆ ಈ ಉಗುರುಗಳು ಬೇಡವಾಗತೊಡಗುತ್ತವೆ. ರೊಟ್ಟಿ ಬಡಿಯಲು ಬರುವುದಿಲ್ಲ, ಅನ್ನ ಕಲಸಲು ಬರುವುದಿಲ್ಲ, ಕೂಸಿಗೆ ಎಣ್ಣೆ ಹಚ್ಚಲು ಧೈರ್ಯ ಸಾಲುವುದಿಲ್ಲ. ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಒಂದ್ಸಲ ಗಟ್ಟಿ ಹಿಡದು ಎಳದಬಿಡ, ಬಂದಬಿಡ್ತದ.” ಬರುತ್ತದೆ, ನಿಜ. ಆದರೆ ಅದರ ಜೊತೆಗೆ ನಮ್ಮ ಸ್ವಂತ ಉಗುರಿನ ಮೇಲಿನ ಪದರೂ ಬರುತ್ತದೆ. ಆಮೇಲೆ ತಿಂಗಳುಗಟ್ಟಲೆ ಉಗುರು ಕಾಗದದಷ್ಟು ತೆಳುವಾಗಿ, ಬಿಸಿನೀರು ಸೋಕಿದರೂ ಉರಿಯುವಂತಾದಾಗ “ಆ ಅಂಟು ಉಗುರನ್ನ ಸುಟ್ಟಹಾಕ್ತು” ಎಂದು ದೂರುತ್ತೇವೆ. ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಈ ದೂರು ಪ್ರತಿ ಮದುವೆಯ ಕಾಲದಲ್ಲೂ ವಿದ್ಯಾರ್ಥಿನಿಯರಿಂದ, ಬಂಧುಗಳಿಂದ ಕಿವಿಗೆ ಬೀಳುತ್ತದೆ. ಹಾಳಾದ ಉಗುರುಗಳನ್ನು ಒಂದೊಂದಾಗಿ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಹೆಚ್ಚಿನ ಹಾನಿ ಆಗುವುದು ತೆಗೆಯುವಾಗಿನ ಅವಸರದಿಂದ. ಅಂಟಿಗೆ ಬಿಡಲು ಬೇಕಾದ ಹೊತ್ತನ್ನು ನಾವು ಕೊಟ್ಟರೆ ಅದು ಉಗುರನ್ನು ಬಿಟ್ಟೇ ಬಿಡುತ್ತದೆ.

ಈ ಅಂಟು ಸಯನೋಅಕ್ರಿಲೇಟ್ ಎಂಬ ಗುಂಪಿಗೆ ಸೇರಿದ್ದು. ಮುರಿದ ಚಪ್ಪಲಿಗೂ ಒಡೆದ ಆಟಿಕೆಗೂ ನಾವು ಹಚ್ಚುವ ಫೆವಿಕ್ವಿಕ್ ಕೂಡ ಇದೇ ಕುಲದ್ದು. ಉಗುರಿನ ಅಂಟನ್ನು ತುಸು ಮಂದವಾಗುವಂತೆ ಮಾಡಿರುತ್ತಾರೆ, ಅಷ್ಟೆ. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಗಾಜಿಗೆ ಬೇಕಾದ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಈ ವಸ್ತು ಅವರ ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಬೇಸತ್ತು ಅದನ್ನು ಬದಿಗಿಟ್ಟರು. 1951ರಲ್ಲಿ ಅದೇ ಸಂಸ್ಥೆಯ ಫ್ರೆಡ್ ಜಾಯ್ನರ್, ಬೆಳಕು ಎಷ್ಟು ಬಾಗುತ್ತದೆಂದು ಅಳೆಯುವ ರಿಫ್ರಾಕ್ಟೋಮೀಟರ್ ಎಂಬ ಉಪಕರಣದ ಎರಡು ಪ್ರಿಸಂಗಳ ನಡುವೆ ಇದರ ಒಂದು ತೆಳುವಾದ ಪದರ ಹರಡಿದಾಗ ಆ ಪ್ರಿಸಂಗಳು ಬಿಡದಂತೆ ಕೂಡಿಕೊಂಡವು, ಬೆಲೆಬಾಳುವ ಉಪಕರಣ ಕೆಟ್ಟಿತು. ಇದೊಂದು ಅಂಟು ಎಂದು ಕೂವರ್ ಅವರಿಗೆ ಹೊಳೆದದ್ದು ಆಗ. 1958ರಲ್ಲಿ ಅದು ಮಾರುಕಟ್ಟೆಗೆ ಬಂತು. ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳುವುದಕ್ಕೆ ಕಾರಣವಿದೆ. ಆ ಪ್ರಿಸಂಗಳ ಗಾಜಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೇವವಿತ್ತು, ಮತ್ತು ಈ ಅಂಟನ್ನು ಗಟ್ಟಿಯಾಗಿಸುವುದು ಆ ತೇವವೇ. ಬಾಟಲಿಯೊಳಗಿನ ದ್ರವದ ಪುಟ್ಟ ಅಣುಗಳು ಚೂರು ನೀರಿನಂಶ ಸೋಕಿದೊಡನೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಸರಪಳಿಗಳಾಗುತ್ತವೆ. ನಮ್ಮ ಚರ್ಮದ ಮೇಲೆ, ಉಗುರಿನೊಳಗೆ ಸದಾ ತೇವ ಇರುವುದರಿಂದ ಅಂಟು ಕೆಲವೇ ಸೆಕೆಂಡುಗಳಲ್ಲಿ ಹಿಡಿದುಬಿಡುತ್ತದೆ.

ಇದನ್ನು ತಿಳಿದುಕೊಂಡರೆ ಒಂದು ಸಾಮಾನ್ಯ ತಪ್ಪು ತಪ್ಪುತ್ತದೆ. ಅಂಟು ಬೆರಳಿಗೆ ಚೆಲ್ಲಿದ ಕೂಡಲೇ ಹೆಚ್ಚಿನವರು ನಲ್ಲಿಯ ಕಡೆ ಓಡುತ್ತಾರೆ. ನೀರು ಬಿದ್ದ ಕ್ಷಣವೇ ಅದು ಇನ್ನಷ್ಟು ಬೇಗ ಗಟ್ಟಿಯಾಗುತ್ತದೆ. ಇನ್ನು ಕೆಲವರು ಸೀರೆಯ ಸೆರಗಿನಿಂದಲೋ ಹತ್ತಿಯಿಂದಲೋ ಒರೆಸಲು ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಹಸಿ ಸಯನೋಅಕ್ರಿಲೇಟ್ ಹತ್ತಿಯ ಎಳೆಗಳ ನಡುವೆ ಹರಡಿಕೊಂಡಾಗ ಆ ಸರಪಳಿ ಕೂಡುವ ಕ್ರಿಯೆ ಒಮ್ಮೆಲೇ ನಡೆದು, ಚರ್ಮ ಸುಡುವಷ್ಟು ಶಾಖ ಹೊರಬರುತ್ತದೆ. ಕೆಲವೊಮ್ಮೆ ಹೊಗೆಯೂ ಏಳುತ್ತದೆ. ಉಣ್ಣೆಗೂ ಇದೇ ಮಾತು ಅನ್ವಯ. ಆದ್ದರಿಂದ ಹಸಿ ಅಂಟು ಕೈಗೆ ಬಿದ್ದರೆ ಬೆರಳುಗಳನ್ನು ಒಂದಕ್ಕೊಂದು ತಾಗಿಸದೆ ಅಗಲಿಸಿ ಹಿಡಿದು, ಅದನ್ನು ಅಲ್ಲಿಯೇ ಒಣಗಲು ಬಿಡಬೇಕು. ಒಣಗಿದ ಅಂಟನ್ನು ಬಿಡಿಸುವ ಉಪಾಯಗಳಿವೆ, ಸುಟ್ಟ ಬೆರಳಿಗೆ ಅಷ್ಟು ಸುಲಭದ ಉಪಾಯವಿಲ್ಲ. ಪೂರ್ತಿ ಒಣಗಿದ ಮೇಲೆ ಹತ್ತಿಯಿಂದ ಈ ಅಪಾಯವಿರುವುದಿಲ್ಲ. ಮುಂದೆ ನಾನು ಹೇಳುವ ಹತ್ತಿಯ ಉಂಡೆ ಒಣಗಿದ ಅಂಟಿನ ಮೇಲೆ ಇಡುವಂಥದ್ದು.

ಇನ್ನು ಉಗುರಿನ ವಿಚಾರ. ಕೈಬೆರಳ ಉಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅಷ್ಟರಲ್ಲಿಯೇ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿದ ಚಪ್ಪಟೆ ಕೋಶಗಳು ಒಂದರ ಮೇಲೊಂದು ಪದರು ಪದರಾಗಿ ಒತ್ತಿಕೊಂಡಿರುತ್ತವೆ, ಚಿರೋಟಿಯ ಪದರುಗಳ ಹಾಗೆ. ಮೇಲಿನಿಂದ ಒತ್ತಿದರೆ ಉಗುರು ಗಟ್ಟಿ. ಆದರೆ ಒಂದು ಅಂಚಿನಿಂದ ಮೇಲಕ್ಕೆ ಎತ್ತಿದರೆ ಪದರು ಸಲೀಸಾಗಿ ಏಳುತ್ತದೆ. ಅಂಟಿಸುವ ಮೊದಲು ಹಿಡಿತ ಬರಲೆಂದು ಉಗುರಿನ ಮೈಯನ್ನು ಫೈಲಿನಿಂದ ಉಜ್ಜಿ ಒರಟು ಮಾಡುವ ರೂಢಿಯೂ ಇದೆ. ಆ ಸಣ್ಣ ಗೀರುಗಳೊಳಕ್ಕೆ ಅಂಟು ಇಳಿದು ಕೂತಿರುತ್ತದೆ. ಹಾಗಾಗಿ ಕೃತಕ ಉಗುರನ್ನು ಎಳೆದಾಗ ಅಂಟಿನ ಹಿಡಿತಕ್ಕಿಂತ ಮೊದಲು ಕೆರಾಟಿನ್ ಪದರುಗಳ ನಡುವಿನ ಹಿಡಿತ ಸೋಲುತ್ತದೆ. ಕಿತ್ತ ಕೃತಕ ಉಗುರಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ: ಬಿಳಿಯ, ಸೀಳಿದ ಪೊರೆಯಂಥದ್ದು ಅಲ್ಲಲ್ಲಿ ಅಂಟಿರುತ್ತದೆ. ಅದು ನಿಮ್ಮದೇ ಉಗುರು. ಒಮ್ಮೆ ಹೋದ ಪದರಿಗೆ ಮರುಜೋಡಣೆ ಇಲ್ಲ, ಏಕೆಂದರೆ ಉಗುರಿನ ಆ ಭಾಗದ ಕೋಶಗಳಲ್ಲಿ ಜೀವವಿರುವುದಿಲ್ಲ. ಬುಡದಿಂದ ಹೊಸದು ಬೆಳೆದು ಬಂದು ಹಳೆಯದನ್ನು ಮುಂದಕ್ಕೆ ತಳ್ಳಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಆರು ತಿಂಗಳು ಹಿಡಿಯುತ್ತದೆ. ಅರ್ಧ ನಿಮಿಷದ ಎಳೆತಕ್ಕೆ ಅರ್ಧ ವರ್ಷದ ಬೆಲೆ.

ತೆಗೆಯುವ ಕೆಲಸಕ್ಕೆ ರಾತ್ರಿ ಮಲಗುವ ಮುಂಚಿನ ಹೊತ್ತು ಬೇಡ. ದಣಿದ ಕೈ ಅವಸರ ಮಾಡುತ್ತದೆ. ಮಧ್ಯಾಹ್ನದ ಊಟ ಮುಗಿಸಿ, ಒಂದು ತಾಸು ಬೇರೆ ಕೆಲಸವಿಲ್ಲದೆ ಕೂರುವಂತಿದ್ದರೆ ಒಳ್ಳೆಯದು. ಮೊದಲು ಕೃತಕ ಉಗುರಿನ ಉದ್ದವನ್ನು ನೇಲ್ ಕಟರಿನಿಂದ ನಮ್ಮ ಉಗುರಿನ ತುದಿಯವರೆಗೆ ಕತ್ತರಿಸಿಬಿಡಬೇಕು. ಉದ್ದನೆಯ ಉಗುರು ಸನ್ನೆಗೋಲಾಗಿ ಕೆಲಸ ಮಾಡುತ್ತದೆ. ತುದಿಗೆ ತುಸು ಪೆಟ್ಟು ಬಿದ್ದರೂ ಬುಡದಲ್ಲಿ ಉಗುರು ತನ್ನ ಅಡಿಯ ಮೆತ್ತನೆಯ ಹಾಸಿನಿಂದ ಎದ್ದುಬಿಡಬಹುದು. ಆಮೇಲೆ ಬೋಗುಣಿಯಲ್ಲಿ ಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರು, ಅದಕ್ಕೆ ಸ್ವಲ್ಪ ಶಾಂಪೂ ಅಥವಾ ಪಾತ್ರೆ ತೊಳೆಯುವ ದ್ರವ, ಒಂದು ಚಮಚ ಕೊಬ್ಬರಿ ಎಣ್ಣೆ ಅಥವಾ ಕುಸುಬಿ ಎಣ್ಣೆ ಹಾಕಿ ಬೆರಳುಗಳನ್ನು ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿಡಬೇಕು. ಗಟ್ಟಿಯಾದ ಸಯನೋಅಕ್ರಿಲೇಟ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲೂ ಕರಗುವುದಿಲ್ಲ. ಆದರೆ ಬೆಚ್ಚಗಿನ ತೇವದ ಎದುರು ಅದರ ಹಿಡಿತ ನಿಧಾನವಾಗಿ ಸಡಿಲುತ್ತದೆ, ಉಗುರು ನೀರು ಹೀರಿ ಕೊಂಚ ಉಬ್ಬುತ್ತದೆ, ಎಣ್ಣೆ ಮತ್ತು ಸಾಬೂನು ಅಂಚಿನ ಸಂದಿನೊಳಕ್ಕೆ ಇಳಿಯುತ್ತವೆ. ಹಚ್ಚಿ ಐದಾರು ದಿನವಾಗಿ ಈಗಾಗಲೇ ಅಂಚು ಎದ್ದಿರುವ ಉಗುರುಗಳು ಎಷ್ಟೋ ಸಲ ಇಷ್ಟಕ್ಕೇ ಬಿಟ್ಟುಬರುತ್ತವೆ. ಬಿಟ್ಟುಬಂದವು ಬಂದವು, ಬಾರದವನ್ನು ಎತ್ತಲು ಹೋಗಬಾರದು.

ಹೊಸದಾಗಿ ಹಚ್ಚಿದ ಉಗುರಿಗೆ, ಅಥವಾ ಕೃತಕ ಉಗುರು ಹೋಗಿ ಗಂಟುಗಂಟಾಗಿ ಉಳಿದ ಅಂಟಿಗೆ, ನೇಲ್ ಪಾಲಿಶ್ ತೆಗೆಯುವ ಕೆಲವು ದ್ರವಗಳಲ್ಲಿರುವ ಅಸಿಟೋನ್ ಎಂಬ ದ್ರಾವಕ ಬೇಕಾಗುತ್ತದೆ. ಇಲ್ಲಿ ಖರೀದಿಯ ಕುರಿತು ಒಂದು ಮಾತು. ಪುಟ್ಟ ದುಂಡು ಡಬ್ಬಿಯಲ್ಲಿ ಸಿಗುವ, ಒಳ್ಳೆಯ ವಾಸನೆಯ ರಿಮೂವರ್ ವೈಪ್ಸ್‌ಗಳಲ್ಲಿ ಅನೇಕವು ಅಸಿಟೋನ್ ಇಲ್ಲದವು. ನೇಲ್ ಪಾಲಿಶ್ ತೆಗೆಯಲು ಅವು ಸಾಕು, ಈ ಅಂಟಿನ ಮೇಲೆ ಅವುಗಳ ಆಟ ನಡೆಯುವುದಿಲ್ಲ. ಬಾಟಲಿಯ ಮೇಲಿನ ಅಕ್ಷರ ಎಷ್ಟೇ ಸಣ್ಣದಿದ್ದರೂ ಓದಿ, ಅಸಿಟೋನ್ ಇದೆಯೆಂದು ಖಾತ್ರಿ ಮಾಡಿಕೊಂಡು ಕೊಳ್ಳಬೇಕು. ಪೇಂಟ್ ಅಂಗಡಿಯ ಥಿನ್ನರ್, ಪೆಟ್ರೋಲು, ಸೀಮೆಎಣ್ಣೆ ಇವು ಯಾವುವೂ ಅಸಿಟೋನಿಗೆ ಬದಲಲ್ಲ. ಥಿನ್ನರಿನಲ್ಲಿ ಟೊಲೀನ್‌ನಂಥ ದ್ರಾವಕಗಳಿದ್ದು ಅವು ಚರ್ಮಕ್ಕೂ ಉಸಿರಿಗೂ ಒಳ್ಳೆಯವಲ್ಲ. ಇನ್ನೊಂದು ಹೆಸರನ್ನು ನೆನಪಿಡಬೇಕು: ಅಸಿಟೋನೈಟ್ರೈಲ್. ಕೇಳಲು ಅಸಿಟೋನಿನಂತೆಯೇ ಇದ್ದರೂ ಇದು ಬೇರೆಯೇ ವಸ್ತು. ಕೃತಕ ಉಗುರು ತೆಗೆಯುವ ಕೆಲವು ದ್ರವಗಳಲ್ಲಿ ಹಿಂದೆ ಇದನ್ನು ಬಳಸುತ್ತಿದ್ದರು. ದೇಹದೊಳಗೆ ಹೋದರೆ ಅದು ಸಯನೈಡ್ ಆಗಿ ಮಾರ್ಪಡುತ್ತದೆ, ಮಕ್ಕಳು ಕುಡಿದು ಪ್ರಾಣ ಕಳೆದುಕೊಂಡ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಆ ಹೆಸರು ಕಂಡ ಬಾಟಲಿಯನ್ನು ಮನೆಯೊಳಗೆ ತರಲೇಬಾರದು.

ಅಸಿಟೋನಿನ ನಿಜವಾದ ಅಪಾಯ ಬೆಂಕಿಯದು. ಈ ವಿಷಯದಲ್ಲಿ ನಾನು ಮನೆಯವರ ಜೊತೆ ಕಟುವಾಗಿಯೇ ಮಾತಾಡುತ್ತೇನೆ. 56 ಡಿಗ್ರಿ ಸೆಲ್ಸಿಯಸ್‌ಗೇ ಅದು ಕುದಿಯುತ್ತದೆ. ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ಆವಿಯಾದೀತೆಂಬುದನ್ನು ಊಹಿಸಿಕೊಳ್ಳಬಹುದು. ಆ ಆವಿ ಗಾಳಿಗಿಂತ ಎರಡುಪಟ್ಟು ಭಾರ. ಅದು ಮೇಲಕ್ಕೇರಿ ಕಿಟಕಿಯಿಂದ ಹೋಗುವ ಬದಲು ನೆಲದ ಮೇಲೆ ಹರಡಿ, ಪಕ್ಕದ ಕೋಣೆಯ ದೇವರ ದೀಪದವರೆಗೂ ಹೋಗಬಲ್ಲದು. ಗ್ಯಾಸಿನ ಒಲೆ, ದೀಪ, ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಸಿಗರೇಟು ಯಾವುದೂ ಹತ್ತಿರ ಇರಕೂಡದು. ಅಡುಗೆಮನೆಯಲ್ಲಿ ಈ ಕೆಲಸ ಮಾಡಲೇಬಾರದು. ಬಾಗಿಲು ತೆರೆದ ಪಡಸಾಲೆ, ಇಲ್ಲವೇ ಗಾಳಿಯಾಡುವ ಕಟ್ಟೆ ಉತ್ತಮ. ಅಸಿಟೋನನ್ನು ಬಿಸಿಮಾಡಿದರೆ ಬೇಗ ಕೆಲಸ ಮಾಡುತ್ತದೆಂದು ಬಟ್ಟಲನ್ನು ಒಲೆಯ ಮೇಲೆ ಅಥವಾ ಮೈಕ್ರೋವೇವಿನಲ್ಲಿ ಇಡುವವರೂ ಇದ್ದಾರೆ. ಅದು ಮನೆಗೆ ಬೆಂಕಿ ಇಡುವ ಕೆಲಸ.

ಕಳೆದ ವರ್ಷ ಹಾವೇರಿಯಿಂದ ತಂಗಿಯ ಮಗಳು ತನ್ನ ಗೆಳತಿಯ ಮದುವೆ ಮುಗಿಸಿಕೊಂಡು ಧಾರವಾಡದ ನಮ್ಮ ಮನೆಗೆ ಬಂದಳು. ಅವಳ ಹತ್ತೂ ಬೆರಳಿನಲ್ಲಿ ಕಡುಗೆಂಪು ಉಗುರುಗಳಿದ್ದವು, ಕೈತುಂಬ ಮಿಂಚು ಬಣ್ಣದ ಗಾಜಿನ ಬಳೆಗಳಿದ್ದವು. ಬಳೆಗಳನ್ನು ಮೊದಲು ತೆಗೆಸಿದೆ. ಅಸಿಟೋನಿನ ಒಂದು ಹನಿ ತಾಗಿದರೂ ಆ ಬಳೆಯ ಮೇಲಿನ ಬಣ್ಣ, ಜರಿ ಎಲ್ಲ ಕಲಸಿಕೊಂಡು ಬರುತ್ತದೆ. ಕನ್ನಡಕದ ಪ್ಲಾಸ್ಟಿಕ್ ಗಾಜು, ಮೊಬೈಲಿನ ಕವರು, ಮೇಜಿನ ವಾರ್ನಿಶ್‌ಗೂ ಅದೇ ಗತಿ. ಅಸಿಟೇಟ್ ನೂಲಿನ ಬಟ್ಟೆಯಾದರೆ ತೂತೇ ಬೀಳುತ್ತದೆ. ಆದ್ದರಿಂದ ಹಳೆಯ ಸ್ಟೀಲ್ ತಟ್ಟೆಯನ್ನು ಮುಂದಿಟ್ಟುಕೊಂಡು, ತೊಡೆಯ ಮೇಲೆ ದಪ್ಪನೆಯ ಹಳೆಯ ಟವೆಲ್ ಹಾಸಿಕೊಂಡು ಕೂತೆವು. ಬೆಚ್ಚಗಿನ ನೀರಿನಲ್ಲಿ ನೆನೆಸಿದ ಮೇಲೆ ಬಲಗೈಯ ಹೆಬ್ಬೆರಳಿನದು ಮತ್ತು ಎರಡು ಕಿರುಬೆರಳಿನವು ತಾವಾಗಿ ಬಿಟ್ಟುಬಂದವು, ಉಳಿದವು ಕದಲಲಿಲ್ಲ.

ಕೈ ಚೆನ್ನಾಗಿ ಒರೆಸಿ, ಪ್ರತಿ ಉಗುರಿನ ಸುತ್ತಲಿನ ಚರ್ಮಕ್ಕೆ ವ್ಯಾಸಲೀನನ್ನು ದಪ್ಪಗೆ ಹಚ್ಚಿದೆ. ಉಗುರಿನ ಮೇಲೆ ಮಾತ್ರ ಹತ್ತದಂತೆ ನೋಡಿಕೊಂಡೆ. ಅಸಿಟೋನ್ ಚರ್ಮದ ಎಣ್ಣೆಯನ್ನೆಲ್ಲ ಎಳೆದುಕೊಂಡು ಬಿರುಕು ಬರಿಸುತ್ತದೆ, ಅದನ್ನು ತಡೆಯಲು ಈ ಲೇಪ. ಉಗುರಿನಷ್ಟೇ ಅಗಲದ ಹತ್ತಿಯ ತುಣುಕನ್ನು ಅಸಿಟೋನಿನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ, ಉಗುರಿನ ಮೇಲಿಟ್ಟು, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಚಿಕ್ಕ ಚೂರಿನಿಂದ ಬೆರಳ ತುದಿಯನ್ನು ಸುತ್ತಿದೆ. ಹಾಳೆ ಸುತ್ತದೆ ಬಿಟ್ಟರೆ ಅಸಿಟೋನ್ ಎರಡು ನಿಮಿಷದಲ್ಲಿ ಆರಿ ಹೋಗುತ್ತದೆ, ಹಾಕಿದ್ದೆಲ್ಲ ದಂಡ. ಹತ್ತಿ ಇಟ್ಟಾಗ ಬೆರಳು ತಣ್ಣಗಾಯಿತೆಂದಳು. ಅದು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುವ ಗುಣ. ಉರಿ ಅಥವಾ ಚುಚ್ಚಿದಂತಾದರೆ ತಕ್ಷಣ ಬಿಚ್ಚಿ ತೊಳೆಯಬೇಕೆಂದು ಮೊದಲೇ ಹೇಳಿದ್ದೆ. ಒಂದು ಕೈಯನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಹೋದೆವು, ಏಕೆಂದರೆ ಎರಡೂ ಕೈ ಕಟ್ಟಿಹಾಕಿಕೊಂಡು ಕೂತವರಿಗೆ ತುರ್ತಿನಲ್ಲಿ ಬಾಗಿಲು ತೆರೆಯಲೂ ಆಗುವುದಿಲ್ಲ.

ಸುಮಾರು ಕಾಲು ತಾಸು ಬಿಟ್ಟು ಒಂದು ಬೆರಳನ್ನು ಬಿಚ್ಚಿ ನೋಡಿದಾಗ ಕೆಂಪು ಪ್ಲಾಸ್ಟಿಕ್ ಮೆತ್ತಗಾಗಿ ಮುದುಡಿಕೊಂಡಿತ್ತು. ಇಂಥ ಉಗುರುಗಳನ್ನು ಹೆಚ್ಚಾಗಿ ಮಾಡುವುದು ಎಬಿಎಸ್ ಎಂಬ ಪ್ಲಾಸ್ಟಿಕ್‌ನಿಂದ, ಅದೂ ಅಸಿಟೋನಿಗೆ ಕರಗುತ್ತದೆ. ಮರದ ಕಡ್ಡಿಯ ಮೊಂಡು ತುದಿಯಿಂದ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ನೂಕಿದೆ. ಪ್ಲಾಸ್ಟಿಕ್ ಜಾರಿತು, ಅದರ ಅಡಿಯಲ್ಲಿ ಅಂಟು ಮಾತ್ರ ಹಾಲಿನ ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಜೆಲ್ಲಿಯಾಗಿತ್ತು, ನಡುವೆ ಇನ್ನೂ ಗಾಜಿನಂತೆ ಗಟ್ಟಿಯಾಗಿತ್ತು. ಹೆಚ್ಚಿನವರ ತಾಳ್ಮೆ ಕೆಡುವುದು ಈ ಹಂತದಲ್ಲಿಯೇ. ಅಸಿಟೋನ್ ಈ ಅಂಟನ್ನು ಸಕ್ಕರೆ ನೀರಿನಲ್ಲಿ ಕರಗಿದಷ್ಟು ಬೇಗ ಕರಗಿಸುವುದಿಲ್ಲ; ಮೊದಲು ಹೊರಮೈಯನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ, ಆ ಮೆತ್ತಗಾದ ಪದರವನ್ನು ಸರಿಸಿದ ಮೇಲೆ ಒಳಗಿನದಕ್ಕೆ ಕೈಹಾಕುತ್ತದೆ. ಆದ್ದರಿಂದ ಜೆಲ್ಲಿಯಾದಷ್ಟನ್ನು ಮಾತ್ರ ಸರಿಸಿ, ಹೊಸ ಹತ್ತಿ ಇಟ್ಟು, ಮತ್ತೆ ಹಾಳೆ ಸುತ್ತಿದೆ. ಎರಡನೆಯ ಸಲ ಬಿಚ್ಚಿದಾಗ ಹೆಚ್ಚಿನ ಬೆರಳುಗಳು ಸ್ವಚ್ಛವಾಗಿದ್ದವು. ಬ್ಲೇಡು, ಚಾಕುವಿನ ತುದಿ, ಸೇಫ್ಟಿ ಪಿನ್ನು, ಹಲ್ಲು ಇವುಗಳಿಗೆ ಈ ಕೆಲಸದಲ್ಲಿ ಎಲ್ಲಿಯೂ ಜಾಗವಿಲ್ಲ.

ನಡುಬೆರಳಿನ ಮೇಲೆ ಕೊನೆಗೂ ಒಂದು ತೆಳುವಾದ ಮಸುಕು ಪೊರೆ ಉಳಿಯಿತು. ಅವಳಿಗೆ ಅದನ್ನೂ ಕೆರೆದು ತೆಗೆಯುವ ಆತುರವಿತ್ತು, ನಾನು ಬಿಡಲಿಲ್ಲ. ಕಲೆಯಷ್ಟೇ ಉಳಿದ ಅಂಟನ್ನು ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ಖಚಿತ ನಿಲುವು. ಅದು ಉಗುರಿಗೆ ಏನೂ ಮಾಡುವುದಿಲ್ಲ, ದಿನವೂ ಪಾತ್ರೆ ತೊಳೆಯುವ, ಜಳಕ ಮಾಡುವ ನೀರಿಗೆ ತಾನಾಗಿ ಏಳುತ್ತದೆ, ಇಲ್ಲದಿದ್ದರೆ ಉಗುರಿನ ಜೊತೆ ಬೆಳೆದು ಕಟರಿಗೆ ಸಿಗುತ್ತದೆ. ಅದನ್ನು ಉಜ್ಜಲು ಹೋದ ಫೈಲಿಗೆ ಅಂಟು ಎಲ್ಲಿ ಮುಗಿಯಿತು, ಉಗುರು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಬೇಕೇಬೇಕೆಂದರೆ ಉಗುರಿಗೆ ಹೊಳಪು ಕೊಡುವ ಬಹಳ ನುಣುಪಾದ ಬಫರಿನಿಂದ ಒಂದೇ ದಿಕ್ಕಿನಲ್ಲಿ ನಾಲ್ಕಾರು ಸಲ ಸವರಬಹುದು, ಅದಕ್ಕಿಂತ ಹೆಚ್ಚು ಬೇಡ.

ಅಂಟು ಉಗುರಿಗಷ್ಟೇ ಹತ್ತುವುದಿಲ್ಲ. ಎರಡು ಬೆರಳುಗಳು ಒಂದಕ್ಕೊಂದು ಅಂಟಿಕೊಂಡರೆ ಗಾಬರಿಯಲ್ಲಿ ಜಗ್ಗಿ ಬಿಡಿಸುವುದು ಚರ್ಮ ಹರಿಯುವ ದಾರಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ, ಚಮಚದ ಹಿಡಿಕೆಯಂಥ ಮೊಂಡು ವಸ್ತುವನ್ನು ನಡುವೆ ಉರುಳಿಸುತ್ತ ಹೋದರೆ ಬಿಡುತ್ತದೆ; ಈ ಅಂಟಿಗೆ ನೇರ ಎಳೆತವನ್ನು ತಡೆಯುವ ಶಕ್ತಿ ಹೆಚ್ಚು, ಅಂಚಿನಿಂದ ಸುಲಿಯುವಾಗ ಅದು ಬಲಹೀನ. ಗಾಯವಿಲ್ಲದ ಬೆರಳಿನ ಚರ್ಮಕ್ಕೆ ತುಸು ಅಸಿಟೋನ್ ಸವರಬಹುದು. ತುಟಿಗೆ ಅಂಟಿದರೆ ಬೆಚ್ಚಗಿನ ನೀರು ಮತ್ತು ಒಳಗಿನಿಂದ ಎಂಜಲಿನ ತೇವ ಎರಡೂ ಕೆಲಸ ಮಾಡುತ್ತವೆ, ಅಲ್ಲಿ ಅಸಿಟೋನ್ ಬಳಸಬಾರದು.

ಕಣ್ಣಿನದು ಬೇರೆಯೇ ಗಂಭೀರತೆ. ಉಗುರಿನ ಅಂಟಿನ ಬಾಟಲಿಯನ್ನು ಕಣ್ಣಿನ ಔಷಧಿಯ ಬಾಟಲಿಯ ಪಕ್ಕಕ್ಕೆ ಹಿಡಿದು ನೋಡಿದರೆ ಗಾತ್ರ, ಚೂಪಾದ ತುದಿ, ಮುಚ್ಚಳ ಎಲ್ಲವೂ ಒಂದೇ ಥರ. ಅರೆನಿದ್ದೆಯಲ್ಲಿ ಕನ್ನಡಕವಿಲ್ಲದೆ ಕೈಹಾಕಿ, ಔಷಧಿಯೆಂದು ಅಂಟನ್ನೇ ಕಣ್ಣಿಗೆ ಹಾಕಿಕೊಂಡವರ ಪ್ರಕರಣಗಳನ್ನು ಹಲವು ದೇಶಗಳ ನೇತ್ರವೈದ್ಯರು ದಾಖಲಿಸಿದ್ದಾರೆ. ಹಾಗಾದಾಗ ರೆಪ್ಪೆಗಳು ಕೂಡಿಬಿಡುತ್ತವೆ. ಎಳೆದು ತೆರೆಯಬಾರದು, ಅಸಿಟೋನನ್ನು ಕಣ್ಣಿನ ಹತ್ತಿರಕ್ಕೂ ತರಬಾರದು. ಉಗುರುಬೆಚ್ಚಗಿನ ಸ್ವಚ್ಛ ನೀರನ್ನು ಹದಿನೈದು ನಿಮಿಷವಾದರೂ ಸುರಿಯುತ್ತ, ಒದ್ದೆ ಬಟ್ಟೆ ಮುಚ್ಚಿಕೊಂಡು ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎನ್ನುತ್ತಿದ್ದ, ಈಗ ಕೆಎಂಸಿಆರ್‌ಐ ಎಂಬ ಹೆಸರಿನ ಆಸ್ಪತ್ರೆ ಇದೆ, ದೂರದ ಊರಿನವರಿಗೆ 108 ಇದೆ. ಮಲಪ್ರಭೆಯ ನೀರು ಕೆಲವು ದಿನಗಳಿಗೊಮ್ಮೆ ಮಾತ್ರ ಬರುವ ನಮ್ಮ ಬಡಾವಣೆಗಳಲ್ಲಿ ನಲ್ಲಿಯನ್ನು ನೆಚ್ಚಿ ಕೂರುವಂತಿಲ್ಲವಾದ್ದರಿಂದ, ಇಂಥ ಕೆಲಸಕ್ಕೆ ಕೂರುವ ಮೊದಲೇ ಒಂದು ಕೊಡ ಶುದ್ಧ ನೀರನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಜಾಣತನ. ಅಂಟಿನ ಬಾಟಲಿಯನ್ನು ಔಷಧಿಯ ಡಬ್ಬಿಯಲ್ಲಿ ಇಡುವ ಅಭ್ಯಾಸವನ್ನು ಇಂದೇ ಬಿಡಬೇಕು.

ಅಂಟು ಹೋದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆದಾಗ ಉಗುರು ಸುಣ್ಣ ಬಳಿದಂತೆ ಬೆಳ್ಳಗೆ ಕಾಣಿಸಬಹುದು. ಅದನ್ನು ಕಂಡು ಹೆದರಬೇಕಿಲ್ಲ. ಅಸಿಟೋನ್ ಮೇಲ್ಮೈಯ ಎಣ್ಣೆ ಮತ್ತು ತೇವವನ್ನು ಕೊಂಡೊಯ್ದದ್ದರ ಗುರುತು ಅದು. ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನನ್ನು ಉಗುರು ಮತ್ತು ಅದರ ಬುಡದ ಚರ್ಮಕ್ಕೆ ತಿಕ್ಕಿದರೆ ಆ ಬಿಳುಪು ಹೋಗುತ್ತದೆ. ರಾತ್ರಿ ಮಲಗುವಾಗ, ಪಾತ್ರೆ ತೊಳೆದ ಮೇಲೆ, ಕೆಲವು ವಾರ ಹೀಗೆ ಎಣ್ಣೆ ಹಚ್ಚುತ್ತಿರಬೇಕು, ಉಗುರನ್ನು ಗಿಡ್ಡವಾಗಿ ಇಟ್ಟುಕೊಳ್ಳಬೇಕು. ನಮ್ಮ ಕಡೆಯವರು ಇನ್ನೊಂದನ್ನು ಗಮನಿಸಬೇಕು: ಮದುವೆಗಳ ಬೇಸಿಗೆಯೇ ವರ್ಷದ ಖಾರ ಕುಟ್ಟಿಸುವ ಕಾಲವೂ ಹೌದು. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯೆನ್ನುವ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತರೂ ಅಸಿಟೋನಿನಿಂದ ಒಣಗಿದ ಬೆರಳ ತುದಿ ರಾತ್ರಿಯೆಲ್ಲ ಉರಿಯುತ್ತದೆ, ಗುಂಟೂರು ಕಾಯಿಯಾದರಂತೂ ಕೇಳುವುದೇ ಬೇಡ. ಅಂಟು ತೆಗೆದ ದಿನ ಮತ್ತು ಮರುದಿನ ಮೆಣಸಿನಕಾಯಿಯ ಕೆಲಸವನ್ನು ಮನೆಯ ಬೇರೆಯವರಿಗೆ ವಹಿಸಿಬಿಡಿ. ಹಾಳೆಯಲ್ಲಿ ಉಳಿದ ಹತ್ತಿಯನ್ನು ಬಯಲಿನಲ್ಲಿ ಪೂರ್ತಿ ಆರಲು ಬಿಟ್ಟು ಆಮೇಲೆ ಕಸಕ್ಕೆ ಹಾಕಬೇಕು. ಬಟ್ಟಲಲ್ಲಿ ಮಿಕ್ಕ ಅಸಿಟೋನನ್ನು ಸಿಂಕಿಗೆ ಸುರಿದರೆ ಪಿವಿಸಿ ಕೊಳವೆಯ ಬೆಸುಗೆ ಮೆತ್ತಗಾಗುತ್ತದೆ.

ಪಾರ್ಲರಿನಲ್ಲಿ ಪುಡಿ ಮತ್ತು ದ್ರವ ಕಲಸಿ ಕಟ್ಟಿದ ಅಕ್ರಿಲಿಕ್ ಉಗುರು ಅಸಿಟೋನಿಗೆ ನಿಧಾನವಾಗಿ ಬಗ್ಗುತ್ತದೆ. ಬೆಳಕಿನ ಯಂತ್ರದಡಿ ಗಟ್ಟಿ ಮಾಡಿದ ಹಾರ್ಡ್ ಜೆಲ್ ಬಗ್ಗುವುದಿಲ್ಲ, ಅದನ್ನು ಹಚ್ಚಿದವರ ಬಳಿಗೇ ಹೋಗಿ ತೆಗೆಸಬೇಕು. ಉಗುರಿನ ಬುಡ ಕೆಂಪಾಗಿ ಊದಿಕೊಂಡು ಕೀವು ಕಂಡರೆ, ಉಗುರು ಹಾಸಿನಿಂದ ಎದ್ದಿದ್ದರೆ, ಕೃತಕ ಉಗುರಿನ ಅಡಿ ಹಸಿರು ಛಾಯೆ ಕಾಣಿಸಿದರೆ, ಬೆರಳ ಸುತ್ತ ಅಥವಾ ಕಣ್ಣಿನ ರೆಪ್ಪೆಯಲ್ಲಿ ತುರಿಕೆಯ ಗುಳ್ಳೆಗಳೆದ್ದರೆ ಮನೆಮದ್ದು ಸಾಕು ಮಾಡಿ ಚರ್ಮವೈದ್ಯರಿಗೆ ತೋರಿಸಬೇಕು. ಹಸಿರು ಬಣ್ಣ ಸಂದಿನ ತೇವದಲ್ಲಿ ಬೆಳೆದ ಸೂಡೋಮೋನಸ್ ಎಂಬ ಬ್ಯಾಕ್ಟೀರಿಯಾದ್ದು, ಅದರ ಮೇಲೆ ಹೊಸ ಬಣ್ಣ ಬಳಿದು ಮುಚ್ಚಿಡಬಾರದು; ರೆಪ್ಪೆಯ ತುರಿಕೆ ಅಂಟಿನ ಅಲರ್ಜಿಯಿಂದಲೂ ಬರುತ್ತದೆ, ಏಕೆಂದರೆ ದಿನಕ್ಕೆ ಎಷ್ಟು ಸಲ ಬೆರಳು ಕಣ್ಣಿಗೆ ಹೋಗುತ್ತದೆಂಬುದು ನಮಗೆ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಸಣ್ಣ ಗಾಯವನ್ನೂ ಕಡೆಗಣಿಸಬಾರದು.

ಮುಂದಿನ ಮದುವೆಗೆ ಮತ್ತೆ ಹಚ್ಚಬಹುದೇ ಎಂದು ತಂಗಿಯ ಮಗಳು ಕೇಳಿದಳು. ಹಚ್ಚಬಹುದು, ಅಲಂಕಾರ ಬೇಡವೆನ್ನುವ ಮಾತು ನನ್ನದಲ್ಲ. ಉಗುರಿನ ಪದರು ಎದ್ದಿದ್ದರೆ ಆ ಜಾಗ ಬೆಳೆದು ಮುಂದೆ ಹೋಗುವವರೆಗೆ ಕಾಯಬೇಕು, ಎದ್ದಿಲ್ಲದಿದ್ದರೆ ಕೆಲವು ವಾರಗಳ ಬಿಡುವು ಸಾಕು. ಒಂದೇ ದಿನದ ಮದುವೆಗೆ ಅಂಟಿನ ಬಾಟಲಿಯ ಬದಲು ಎರಡೂ ಕಡೆ ಹಿಡಿಯುವ ಜೆಲ್ಲಿಯಂಥ ಪಾರದರ್ಶಕ ಅಂಟುಪಟ್ಟಿಗಳನ್ನು ಕೊಳ್ಳುವಂತೆ ಅವಳಿಗೆ ಹೇಳಿದ್ದೇನೆ. ಮೊದಲು ಉಗುರಿಗೆ ಬಣ್ಣವಿಲ್ಲದ ಒಂದು ಬೇಸ್ ಕೋಟ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಪಟ್ಟಿ ಇಟ್ಟು ಒತ್ತಬೇಕು. ಅಕ್ಷತೆ ಬಿದ್ದು, ಊಟ ಮುಗಿದು, ಫೋಟೋ ತೆಗೆಸಿಕೊಳ್ಳುವವರೆಗೆ ಅವು ನಿಲ್ಲುತ್ತವೆ. ಸಂಜೆ ಮನೆಗೆ ಬಂದು ಎಣ್ಣೆ ಬೆರೆಸಿದ ಬೆಚ್ಚಗಿನ ಸಾಬೂನು ನೀರಿನಲ್ಲಿ ಹತ್ತು ನಿಮಿಷ ಕೈ ಇಟ್ಟರೆ, ಅಸಿಟೋನಿನ ಬಾಟಲಿಯ ಮುಚ್ಚಳ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯಲೂ ಅಡ್ಡಿಯಿಲ್ಲ.